ಅರಿಷಿಣದ ಭಾಗವನ್ನು ಸಿಡಿಗೆ ಮರಳಿ ಸೇರಿಸುವ ಕುರಿತು

ಇಂದ:
ಅಮೃತಮ್ಮ ಗಂಡ ದಿ. ಧರ್ಮಣ್ಣ,
ಅಂಗನವಾಡಿ ಕಾರ್ಯಕರ್ತೆ, ಮುಧೋಳ, ತಾ. ಸೇಡಂ

ಗೆ:
ಜನಾಬ್ ಲಾಲ್ ಅಹ್ಮದ್ ಸಾಹೇಬರು,
ಫೋಟೋ ಮತ್ತು ವಿಡಿಯೋದವರು, ಸೇಡಂ

ದಿನಾಂಕ: 11-1-2006

ವಿಷಯ: ನನ್ನ ಮಗಳ ಮದುವೆಯಲ್ಲಿ ನಾನೂ ಇದ್ದೆನೆಂದು ಸಿಡಿಯಲ್ಲಿ ತೋರಿಸುವ ಬಗ್ಗೆ.

ಉಲ್ಲೇಖ: 1) ತಾವು 1996ರಲ್ಲಿ ತೆಗೆದ ವಿಡಿಯೋ ಕ್ಯಾಸೆಟ್.
2) "ಬರದು ಕೊಡ್ರಿ ಯಕ್ಕಾ" ಎಂದು ಕಳೆದ ಸೋಮವಾರ ತಾವು ಆಡಿದ ಮಾತು.

ಮಾನ್ಯರೇ,

ತೊಗರಿ ರಾಶಿಯ ಸುಗ್ಗಿ ನಡೆದಿದೆ. ಅಂಗನವಾಡಿಗೆ ಮಕ್ಕಳು ತಲೆಗೂದಲಲ್ಲಿ ಹೊಟ್ಟು ಹೊತ್ತುಕೊಂಡೇ ಬರುತ್ತಿದ್ದಾರೆ. ಅವರಿಗೆ ಉಪ್ಪಿಟ್ಟು ಹಾಕಿ, ಮಲಗಿಸಿ, ಈ ಅರ್ಜಿ ಬರೆಯುತ್ತಿದ್ದೇನೆ. ನಡುವೆ ಯಾರಾದರೂ ಎದ್ದು ಅತ್ತ ಕಾರಣ ಸಾಲು ತಪ್ಪಿದ್ದಲ್ಲಿ ಮನ್ನಿಸುವುದು.

1. ನಾನು ಗಂಡ ಸತ್ತವಳಾದ ಕಾರಣ, ಮಗಳು ರಾಧಿಕಾಳ ಮದುವೆಯಲ್ಲಿ ಹಂದರಕ್ಕೆ ಬರದೆ ಹಿತ್ತಲಲ್ಲಿ ಅಡಿಗೆಯ ಉಸ್ತುವಾರಿ ನೋಡಿಕೊಂಡಿದ್ದೆ. ಇದು ರೂಢಿ, ಯಾರ ಮೇಲೂ ದೂರಿಲ್ಲ. ಆದ್ದರಿಂದ ಮೂರು ತಾಸಿನ ಕ್ಯಾಸೆಟ್ಟಿನಲ್ಲಿ ನಾನು ಒಂದೇ ಕಡೆ ಇದ್ದೇನೆ.

2. ಅದು ತಾವು ತೆಗೆದದ್ದಲ್ಲ. ಅರಿಷಿಣದ ದಿನ ತಾವು ಕ್ಯಾಮೆರಾವನ್ನು ಬಂದ್ ಮಾಡದೆ ಜೋಳದ ಚೀಲದ ಮೇಲಿಟ್ಟು ಊಟಕ್ಕೆ ಕುಳಿತಿರಿ. ಮುತ್ತೈದೆಯರೆಲ್ಲ ಅರಿಷಿಣ ಹಚ್ಚಿ ಮುಗಿಸಿದ ಮೇಲೆ ರಾಧಿಕಾ ಹಿತ್ತಲಿಗೆ ಬಂದು, ಬಟ್ಟಲು ನನ್ನ ಮುಂದೆ ಹಿಡಿದು, "ಯವ್ವಾ, ನೀನೂ ಹಚ್ಚು. ಯಾರೂ ನೋಡಾಕತ್ತಿಲ್ಲ" ಎಂದಳು. "ಹುಚ್ಚಿ, ಹೋಗು ಆಚಿಗಿ. ನಾ ಮುಟ್ಟಬಾರ್ದು" ಅಂದೆ. ಹೋಗಲಿಲ್ಲ. ಕಾರಣ, ಹಚ್ಚಿದೆ.

3. ಕ್ಯಾಮೆರಾ ನೋಡಿದ್ದನ್ನು ತಾವು ಮೊದಲೇ ಗುಟ್ಟಾಗಿ ತಿಳಿಸಿದ್ದಿರಿ. ಆದ್ದರಿಂದ ಬಾಡಿಗೆ ವಿಸಿಆರ್ ತಂದು ಬೀಗರೆಲ್ಲ ನೋಡುವಾಗ, ಆ ಭಾಗ ಬರುತ್ತಲೇ ಚಹಾದ ತಟ್ಟೆ ಹಿಡಿದು ಟಿವಿಗೆ ಅಡ್ಡ ನಿಂತೆ. ಅಳಿಯನ ತಾಯಿ ಅನಸುಬಾಯಿಯವರು, "ಸರೀರಿ ಬೀಗತಿ, ನಿಮ್ಮ ಬೆನ್ನು ನೋಡ್ಲಿಕ್ಕಿ ಬಂದೀವೇನು?" ಎಂದರು. ಆ ಭಾಗ ಮುಗಿಯುವ ತನಕ ಸರಿಯಲಿಲ್ಲ.

4. ಈಗ ಕ್ಯಾಸೆಟ್ಟಿಗೆ ಬೂಸ್ಟು ಹಿಡಿಯುತ್ತಿರುವ ಕಾರಣ ಸಿಡಿ ಮಾಡಲು ತಮಗೆ ಕೊಡಲಾಯಿತು. ಬಂದ ಸಿಡಿಯಲ್ಲಿ ಆ ಜಾಗದಲ್ಲಿ ಒಂದು ಗುಲಾಬಿ ತಿರುಗುತ್ತದೆ, ನಂತರ ಜಲಪಾತ ಬೀಳುತ್ತದೆ. ನಮ್ಮ ಹಿತ್ತಲಲ್ಲಿ ಜಲಪಾತವಿಲ್ಲ. ಪೂರ್ತಿ ನೋಡಿದ ಮೊಮ್ಮಗಳು, "ಆಯಿ, ಅವ್ವನ ಮದವಿಗಿ ನಿನಗ ಕರೀಲಿಲ್ಲೇನು?" ಎಂದು ಕೇಳಿದಳು.

5. ವಿಚಾರಿಸಲಾಗಿ ತಾವು, "ಯಕ್ಕಾ, ತಪ್ಪಿ ತೆಗದಿಲ್ಲ. ಬೀಗರು ನೋಡಿದ್ರ ನಿಮ್ಮ ಇಜ್ಜತ್ ಹೋಗ್ತದಂತ ತೆಗದೀನಿ. ಬೇಕೇ ಬೇಕಂದ್ರ ಬರದು ಕೊಡ್ರಿ. ನಾಳೆ ಜಗಳ ಬಂದ್ರ ನನ್ನ ಕಡಿ ಕಾಗದ ಇರ್ಲಿ" ಎಂದಿರಿ. ಇದು ಆ ಕಾಗದ.

6. ಕಳೆದ ಶ್ರಾವಣದಲ್ಲಿ ಅನಸುಬಾಯಿಯವರ ಯಜಮಾನರು ತೀರಿಕೊಂಡರು. ಪುಷ್ಯ ಮುಗಿದ ಕೂಡಲೇ ಅವರ ಕಿರಿಯ ಮಗ ಸಾಯಿಕುಮಾರನ ಮದುವೆ ಇದೆ. ಮೊನ್ನೆ ಬೀಗರ ಊರು ವಾಡಿಗೆ ಹೋದಾಗ, ಪಡಸಾಲೆ ಬಿಟ್ಟು ಏಳದಿದ್ದ ಆ ಹೆಣ್ಣುಮಗಳು ಒಳಗೆ ಗೋಡೆಗೆ ಮುಖ ಮಾಡಿ ಬೆಳ್ಳುಳ್ಳಿ ಸುಲಿಯುತ್ತಿದ್ದರು. "ಬರ್ರಿ, ಹೊರಗ ಕುಂದ್ರೋಣು" ಅಂದೆ. "ನಂದೇನದರಿ ಅಲ್ಲಿ? ಮಗನ ಅರಿಷಿಣಕ್ಕ ಎಲ್ಲಿ ಕುಂದ್ರಬೇಕಂತ ನೀವೇ ಹೇಳಿಕೊಡ್ರಿ. ನಿಮಗ ರೂಢಿ ಅದ" ಎಂದರು. ಅದಕ್ಕೆ ಉತ್ತರ ತಮ್ಮಲ್ಲಿರುವ ಕ್ಯಾಸೆಟ್ಟಿನಲ್ಲಿದೆ.

ಆದ್ದರಿಂದ ಗುಲಾಬಿ ಹಾಗೂ ಜಲಪಾತವನ್ನು ತೆಗೆದು, ಸದರಿ ಭಾಗವನ್ನು ಸೊಟ್ಟಗಿದ್ದಂತೆಯೇ, ಮೇಲೆ ಹಾಡು ಹಾಕದೆ, ಮರಳಿ ಸೇರಿಸಬೇಕೆಂದು ವಿನಂತಿ. ರಾಧಿಕಾಳನ್ನು ಕೇಳಿದ್ದೇನೆ. "ಹಾಕ್ಸು ಯವ್ವಾ, ಬಟ್ಟಲಾ ಹಿಡದಾಕಿ ನಾನೇ ಅಲ್ಲೇನು" ಅಂದಿದ್ದಾಳೆ. ಇಜ್ಜತ್ತಿನ ಹೊಣೆ ಪೂರ್ತಿ ನನ್ನದು.

ತಮ್ಮ ವಿಶ್ವಾಸಿಯೂ ವಧುವಿನ ತಾಯಿಯೂ ಆದ,
(ಸಹಿ) ಅಮೃತಮ್ಮ

ಲಗತ್ತು:
1. ಜಲಪಾತವಿರುವ ಸಿಡಿ.
2. ರಾಧಿಕಾಳ ಒಪ್ಪಿಗೆ ಚೀಟಿ.
3. ಹೊಸ ತೊಗರಿಬೇಳೆ, ಒಂದು ಡಬ್ಬಿ. ಅಂದು ಕ್ಯಾಮೆರಾದ ಕೆಂಪು ದೀಪ ಕಂಡು ತಾವು ಅರ್ಧಕ್ಕೇ ಬಿಟ್ಟೆದ್ದ ಊಟದ ಬಾಬತ್ತು. ಇದರೊಂದಿಗೆ ಆ ಲೆಕ್ಕ ಚುಕ್ತಾ.

ವಿ.ಸೂ.: ಸಾಯಿಕುಮಾರನ ಮದುವೆಯ ವಿಡಿಯೋ ಸಹ ತಮಗೇ ಒಪ್ಪಿಸಿರುವ ಕಾರಣ ತಾವು ವಾಡಿಗೆ ಹೋಗುವುದು ಇದ್ದೇ ಇದೆ. ಅರಿಷಿಣಕ್ಕಿಂತ ಮುಂಚೆ ಸಿಡಿಯನ್ನು ಅಲ್ಲಿ ಖುದ್ದು ಮುಟ್ಟಿಸಬೇಕು. ಟಿವಿ ಪಡಸಾಲೆಯಲ್ಲಿದೆ. "ಇದು ನಡೀತದೋ ಇಲ್ಲೋ, ಬಂದು ನೋಡಿ ಹೇಳ್ರಿ ಅಮ್ಮಾ" ಎಂದು ಅನಸುಬಾಯಿಯವರನ್ನೇ ಕರೆಯಬೇಕು. ಅವರು ಹೊರಗೆ ಬಂದು ಕುಳಿತ ಮೇಲೆಯೇ ಸಿಡಿ ಹಚ್ಚಬೇಕು.