ಮೊದಲೇ ಬರೆದಿತ್ತು, ಆಮೇಲೆ ಆಯಿತು

ನನ್ನ ಅಕ್ಕ ಆರು ತಿಂಗಳು ನುಂಗಬೇಕಾಗಿದ್ದ ಕ್ಷಯದ ಮಾತ್ರೆಯನ್ನು ಎರಡೇ ತಿಂಗಳಿಗೆ ಬಿಟ್ಟಳು. ಬಿಡು ಅಂತ ಅವಳಿಗೆ ಯಾರೂ ಹೇಳಲಿಲ್ಲ. ಬಿಡಬೇಡ ಅಂತಲೂ ಹೇಳಲಿಲ್ಲ. ಪ್ರಾರ್ಥನೆ ಮನೆಯವರು ಹೇಳಲಿಲ್ಲ, ದೇವಸ್ಥಾನದವರು ಹೇಳಲಿಲ್ಲ, ಕಟ್ಟಿಕೊಂಡ ಗಂಡ ಹೇಳಲಿಲ್ಲ, ಬೀದಿಬೀದಿಯಲ್ಲಿ ಭಾಷಣ ಮಾಡುವ ನಾನೂ ಹೇಳಲಿಲ್ಲ. ಇದು ತಪ್ಪು. ನನ್ನ ಪಾಲನ್ನು ಸೇರಿಸಿಯೇ ಹೇಳುತ್ತಿದ್ದೇನೆ.

ಇಂಥದ್ದು ನಮ್ಮ ನಾಲ್ಕು ತಾಲ್ಲೂಕಿನಲ್ಲಿ ನಿಲ್ಲುವುದೇ ಇಲ್ಲ. ಹುಣಸೂರಿನಲ್ಲಿ ಒಂದು ಮುಗಿಯಿತು ಅನ್ನುವಷ್ಟರಲ್ಲಿ ಎಚ್.ಡಿ. ಕೋಟೆಯಲ್ಲಿ ಇನ್ನೊಂದು. ನಾನು ಹೇಳಿದಾಗಲೆಲ್ಲ ಜನ ನಗುತ್ತಾರೆ. ನಗಲಿ. ನಕ್ಕು ಮುಗಿಸಿದ ಮೇಲೆ ಏನು ಮಾಡುತ್ತಾರೆ ಅನ್ನುವುದಷ್ಟೇ ನನಗೆ ಬೇಕು.

ನಾನು ಹುಣಸೂರು ಕಡೆಯವನು, ಹೊಗೆಸೊಪ್ಪು ಬೆಳೆಯುತ್ತೇನೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ಓದಿದ್ದೆಲ್ಲ ಆಮೇಲೆ, ನನ್ನಷ್ಟಕ್ಕೆ. ಎಲ್ಲಿ ಮೋಸ ಕಂಡರೂ ಹೋಗಿ ಜಗಳಕ್ಕೆ ನಿಲ್ಲುವುದು ನನ್ನ ಚಾಳಿ. ಅಕ್ಕನನ್ನು ಕೊಟ್ಟಿರುವುದು ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಹಳ್ಳಿಗೆ.

೧. ಗೋಡೆಯ ಮೇಲಿನ ಪಟ್ಟಿ

ಆ ಹಳ್ಳಿಯಲ್ಲಿ ಶೀಟು ಹೊದಿಸಿದ ಒಂದು ಪ್ರಾರ್ಥನೆ ಮನೆ ಇದೆ. ಅದನ್ನು ನಡೆಸುವ ಪಾಸ್ಟರು ಮೊದಲು ಲಾರಿ ಓಡಿಸುತ್ತಿದ್ದವರು. ಕೆಮ್ಮು ಬಿಡದೆ ಹಿಡಿದಾಗ ಅಕ್ಕ ಅಲ್ಲಿಗೆ ಹೋದಳು. ಅವರು ತಲೆಯ ಮೇಲೆ ಕೈಯಿಟ್ಟು, "ನೀನು ವಾಸಿಯಾಗ್ತೀಯಮ್ಮ" ಎಂದು ಭವಿಷ್ಯ ನುಡಿದರು. ಅದೇ ವಾರ ಸರ್ಕಾರಿ ಆಸ್ಪತ್ರೆಯ ಮಾತ್ರೆಯೂ ಶುರುವಾಗಿತ್ತು. ಎರಡು ತಿಂಗಳಿಗೆ ಕೆಮ್ಮು ನಿಂತಿತು. ಅಕ್ಕ ಪ್ರಾರ್ಥನೆ ಉಳಿಸಿಕೊಂಡು ಮಾತ್ರೆ ಬಿಟ್ಟಳು. ಇದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ನನಗೆ ಗೊತ್ತಿದ್ದದ್ದು ಅವಳು ಅಲ್ಲಿಗೆ ಹೋಗುತ್ತಾಳೆ ಅನ್ನುವುದಷ್ಟೇ, ನನ್ನ ಕಣ್ಣು ಕೆಂಪಾಗಿದ್ದೂ ಅಷ್ಟಕ್ಕೇ.

ಪ್ರಾರ್ಥನೆ ಮನೆಯ ಗೋಡೆಗೆ ಒಂದು ಪಟ್ಟಿ ತೂಗುಹಾಕಿದ್ದರು. ಎಡಗಡೆ 'ಬರೆದದ್ದು', ಬಲಗಡೆ 'ನಡೆದದ್ದು'. ಅಕ್ಕ ನನ್ನನ್ನು ಅದರ ಮುಂದೆ ನಿಲ್ಲಿಸಿದಳು.

"ನೋಡ್ಲಾ, ಇಷ್ಟು ಬರ್ದವ್ರೆ, ಇಷ್ಟೂ ನಡ್ದದೆ. ಇಷ್ಟೆಲ್ಲಾ ನಿಜ ಆದ್ಮೇಲೆ ನಂದೊಂದು ಸುಳ್ಳಾಯ್ತದಾ?"

ನಾನು ಪಾಸ್ಟರ ಕಡೆ ತಿರುಗಿದೆ. ಅವರು ಸಮಾಧಾನದ ಮನುಷ್ಯ. "ಕಡೇ ಕಾಲದಲ್ಲಿ ಯುದ್ಧ, ಭೂಕಂಪ, ರೋಗ ಬರ್ತವೆ ಅಂತ ಬೈಬಲಲ್ಲಿ ಬರೆದದೆ. ಬಂದವೋ ಇಲ್ವೋ ನೀವೇ ಹೇಳಿ ಅಣ್ಣ" ಎಂದರು.

"ಯುದ್ಧ ಇಲ್ಲದ, ರೋಗ ಇಲ್ಲದ ಒಂದು ವರ್ಷ ತೋರ್ಸಿ ಪಾಸ್ಟ್ರೇ. ಅಂಥಾ ಭವಿಷ್ಯ ನಾನೂ ಹೇಳ್ತೀನಿ. ಹುಣಸೂರು ಬಸ್‌ಸ್ಟ್ಯಾಂಡಲ್ಲಿ ಯಾರದೋ ಜೇಬು ಕತ್ತರಿಸ್ತಾರೆ. ನಿಜ ಆಯ್ತದೋ ಇಲ್ವೋ ನೋಡಿ."

ಹಿಂದಿನ ಚಾಪೆಯಿಂದ ಒಬ್ಬ ಮುದುಕಪ್ಪ ಎದ್ದು ನಿಂತ. "ಬೆಳಿಗ್ಗೆ ಅಲ್ಲೇ ನಂದು ಕತ್ತರಿಸವ್ರೆ ಕಣಪ್ಪ. ಅಷ್ಟು ಗೊತ್ತಿದ್ದೋನು ಯಾರು ಕತ್ತರಿಸಿದ್ದು ಅಂತಾನೂ ಹೇಳ್ಬುಡು."

೨. ಕತ್ತೆ

ನಾನು ಒಂದು ಬೈಬಲ್ ಕೊಂಡೆ. ಹೊಗೆಸೊಪ್ಪಿನ ಹರಾಜು ಕಟ್ಟೆಯಲ್ಲಿ ನನ್ನ ಬೇಲಿನ, ಅಂದರೆ ಸೊಪ್ಪಿನ ಮೂಟೆಯ, ಸರದಿ ಬರುವವರೆಗೆ ಅದರ ಮೇಲೇ ಕೂತು ಓದಿದೆ. ಓದಿ ಮೂರು ಷರತ್ತು ಮಾಡಿಕೊಂಡೆ. ಭವಿಷ್ಯ ಅಂದರೆ ಆಗುವುದಕ್ಕೆ ಮೊದಲೇ ಬರೆದಿರಬೇಕು. ಏನು, ಯಾವಾಗ ಅಂತ ಬಿಡಿಸಿ ಹೇಳಿರಬೇಕು. ಮತ್ತೆ, ಅದನ್ನು ಓದಿಕೊಂಡವನೇ ಹೋಗಿ ಅದನ್ನು ಆಗುವಂತೆ ಮಾಡಿರಬಾರದು. ಪಾಸ್ಟರು ಈ ಮೂರನ್ನೂ ಜೇಬಿನ ಪುಸ್ತಕದಲ್ಲಿ ಬರೆದುಕೊಂಡು, ಕೆ.ಆರ್. ನಗರದಲ್ಲಿ ಒಬ್ಬರ ಮನೆಯಲ್ಲಿ ಸೇರುವ ಅವರ ಬುಧವಾರದ ಕೂಟಕ್ಕೆ ಬಂದು ಮಾತಾಡಿ ಎಂದು ಕರೆದರು. ವಿರೋಧಿಯನ್ನು ಮನೆಗೆ ಕರೆದು ಕಾಫಿ ಕೊಡುವವರು ಕಡಿಮೆ. ಅದಕ್ಕೇ ನನಗೆ ಆ ಮನುಷ್ಯನ ಮೇಲೆ ಪೂರ್ತಿ ಸಿಟ್ಟು ಬರಲೇ ಇಲ್ಲ.

ಅಲ್ಲಿ ನಾನು ಕತ್ತೆಯ ವಿಷಯ ಎತ್ತಿದೆ. "ರಾಜ ಕತ್ತೆ ಮೇಲೆ ಕೂತು ಬರ್ತಾನೆ ಅಂತ ಮೊದಲೇ ಬರೆದಿತ್ತು, ಯೇಸು ಹಂಗೇ ಬಂದ ಅಂತೀರಿ. ಬರೆದದ್ದನ್ನ ಓದಿಕೊಂಡೋನು ಒಂದು ಕತ್ತೆ ತರಿಸಿದ್ರೆ ಆಯ್ತಲ್ಲ. ಅದರಲ್ಲೇನು ಸಾಕ್ಷಿ?"

ಪಾಸ್ಟರು ಬೈಬಲ್ ಮುಚ್ಚಿದರು. "ಸರಿ ಅಣ್ಣ. ಕತ್ತೆ ನಾನು ಕೊಡಿಸ್ತೀನಿ. ನೀವು ಪೇಟೆ ಬೀದೀಲಿ ಕೂತ್ಕೊಂಡು ಬನ್ನಿ. ಅವರಿಗೆ ಹಾಸಿದಂಗೆ ಜನ ನಿಮಗೂ ದಾರಿಗೆ ಬಟ್ಟೆ ಹಾಸ್ತಾರಾ ನೋಡೋಣ."

ಕಾಫಿ ತಂದ ಮನೆಯಾಕೆ ನನಗಿಂತ ಮೊದಲೇ ಉತ್ತರ ಕೊಟ್ಟಳು.

"ಬಟ್ಟೆ ಎಲ್ಲಿ ಹಾಸ್ತಾರೆ ಪಾಸ್ಟ್ರೇ. ನಮ್ಮ ಕಡೆ ಕತ್ತೆ ಮೇಲೆ ಕೂರಿಸೋಕೆ ಮೊದ್ಲು ತಲೆ ಬೋಳಿಸ್ತಾರೆ."

೩. ಬ್ಯಾರನ್

ಮುಂದಿನ ಭಾನುವಾರ ಪ್ರಾರ್ಥನೆ ಮನೆಯಲ್ಲಿ ಬೈಬಲಿನ ಬಾಬೆಲ್ ಪಟ್ಟಣದ ಜಗಳ. ಹಾಳಾಗುತ್ತದೆ ಎಂದು ಬರೆದಿತ್ತು, ಹಾಳಾಯಿತು ಎಂದರು ಪಾಸ್ಟರು. ಹಾಳಾಗದ ಊರು ಯಾವುದು ಎಂದೆ ನಾನು. ತಲಕಾಡು ಮರಳಲ್ಲಿ ಮುಚ್ಚಿಹೋಗಲಿಲ್ಲವಾ ಎಂದೆ. "ಅದೂ ಒಬ್ಬ ರಾಣಿ ಮೊದಲೇ ಶಾಪ ಹಾಕಿದ್ದಕ್ಕೆ ತಾನೇ?" ಎಂದರು ಅವರು. ಹೊರಗೆ ನಿಂತು ಕೇಳುತ್ತಿದ್ದ ಊರಿನವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ನನ್ನ ಕಡೆಯವರು ಅಂತ ನಾನು ನಂಬಿಕೊಂಡಿದ್ದವರು.

ದಾರಿ ಬದಲಿಸಿ, ಬೆಂಕಿ ಹಾಕಿ ಸೊಪ್ಪು ಒಣಗಿಸುವ ಬ್ಯಾರನ್ನಿನ ಮಾತು ತೆಗೆದೆ. "ತಿಳಿದುಕೊಂಡು ಹೇಳೋದು ಬೇರೆ, ಭವಿಷ್ಯ ಬೇರೆ. ಬ್ಯಾರನ್ನಿಗೆ ಹಸಿ ಸೊಪ್ಪು ತುಂಬಿ ಬೆಂಕಿ ಹಾಕಿದ್ರೆ ಯಾವತ್ತು ಹಳದಿಗೆ ತಿರುಗ್ತದೆ ಅಂತ ನಾನು ಹೇಳ್ತೀನಿ. ಹಂಗೇ ಆಗ್ತದೆ. ಅಷ್ಟಕ್ಕೆ ನಾನು ಪ್ರವಾದಿಯಾ?"

ಬಾಗಿಲಿಗೊರಗಿ ನಿಂತಿದ್ದ ಭಾವ, ಅಂದರೆ ಅಕ್ಕನ ಗಂಡ, ಒಳಗೆ ತಲೆ ಹಾಕಿದ. "ಅಲ್ಲ ಕಣ್ಲಾ ಬಾಮೈದ, ಹೋದ ವರ್ಷ ನಿನ್ನ ಬ್ಯಾರನ್ನೇ ಹತ್ಕಂಡು ಉರ್ದೋಯ್ತಲ್ಲ. ಅದನ್ಯಾಕೆ ಹೇಳ್ನಿಲ್ಲ?"

೪. ಹೂವು

ಭಾವನಿಗೆ ಪ್ರಾರ್ಥನೆ ಮನೆ ಹಿಡಿಸಿರಲಿಲ್ಲ. "ನಮ್ಮ ಅಮ್ಮನ್ನೇ ಒಂದು ಮಾತು ಕೇಳುವ" ಎಂದು ಅಕ್ಕನನ್ನು ಕಾಕನಕೋಟೆ ದಾರಿಯ ಒಂದು ದೇವಿಯ ದೇವಸ್ಥಾನಕ್ಕೆ ಕರೆದುಕೊಂಡು ಹೊರಟ. ಪ್ರಾರ್ಥನೆ ಮನೆಯ ಹೊರಗೆ ನಿಂತು ನನ್ನ ಮಾತಿಗೆಲ್ಲ ಚಪ್ಪಾಳೆ ಹೊಡೆಯುತ್ತಿದ್ದ ನಾಲ್ಕು ಹುಡುಗರು ಅದೇ ಜೀಪು ಹತ್ತಿದರು. ನಾನೂ ಹತ್ತಿದೆ.

ಅಲ್ಲಿ ಹೂ ಕೇಳುವ ಪದ್ಧತಿ. ವಿಗ್ರಹದ ಎರಡೂ ಕಡೆ ಒದ್ದೆ ಹೂ ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಅಕ್ಕ ಕೈ ಮುಗಿದು, ವಾಸಿಯಾಗಿದೆಯಾ ಎಂದು ಕೇಳಿದಳು. ಬಲಗಡೆಯದು ಬಿತ್ತು.

ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು. "ಪೂಜಾರ್ರೇ, ಫ್ಯಾನು ಬಲಗಡೆಗೇ ಬೀಸ್ತಾ ಅದೆ. ಆರಿಸಿ ಇನ್ನೊಂದು ಸಲ ಕೇಳಿ" ಎಂದೆ.

ಚಪ್ಪಾಳೆಯ ಹುಡುಗರಲ್ಲಿ ಒಬ್ಬ ನನ್ನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದ. "ಅಣ್ಣ, ಬೈಬಲ್‌ಗೆ ಕೇಳೋ ಪ್ರಶ್ನೇನ ಇಲ್ಲಿ ಕೇಳ್ಬ್ಯಾಡಿ."

"ಯಾಕಪ್ಪ?"

"ಅದು ಬೇರೆ. ಇದು ನಿಜ ಕಣಣ್ಣ."

ಜೀಪಿನಲ್ಲಿ ಅಕ್ಕ ಮಾತ್ರ ನಿರಾಳವಾಗಿದ್ದಳು. "ಅಲ್ಲೂ ವಾಸಿ ಅಂದ್ರು, ಇಲ್ಲೂ ವಾಸಿ ಅಂದ್ರು. ನೀವೇ ಸುಮ್ಕೆ ಹೊಡೆದಾಡೋದು. ದೇವ್ರುಗಳೆಲ್ಲ ಒಂದೇ ಮಾತು ಆಡ್ತಾವೆ ಕಣ್ಲಾ."

೫. ಕಾದು ಕೂತವಳು

ಇನ್ನೊಂದು ಭಾನುವಾರ ನಮ್ಮ ವಾದ ಮತ್ತೆ ಬಾಬೆಲ್ ಪಟ್ಟಣಕ್ಕೇ ಬಂದಿತ್ತು. ಆ ಊರಿನ ಆಶಾ ಕಾರ್ಯಕರ್ತೆ ಬಾಗಿಲ ಪಕ್ಕ ಬಂದು ಕೂತಳು. ಒಂದು ಗಂಟೆ ಕೂತೇ ಇದ್ದಳು. ನಾವು ನೀರು ಕುಡಿಯಲು ನಿಲ್ಲಿಸಿದಾಗ ಎದ್ದಳು.

"ಆ ಪಟ್ಟಣದ್ದು ಮುಗೀತಾ ಅಣ್ಣ? ಮುಗಿದಿದ್ರೆ ಇದೊಂದು ನೋಡಿ" ಎಂದು ಮಾತ್ರೆಯ ಪೊಟ್ಟಣ ಮುಂದಿಟ್ಟಳು. "ನಿಮ್ಮ ಅಕ್ಕ ನಾಲ್ಕು ತಿಂಗಳಿಂದ ಮುಟ್ಟಿಲ್ಲ. ನಾನು ಮನೆ ಹತ್ರ ಹೋದ್ರೆ ಬಾಗ್ಲು ಹಾಕ್ಕೋತಾರೆ."

"ಮಾತ್ರೆ ಬಿಡು ಅಂತ ನಾನು ಹೇಳಿಲ್ಲ" ಎಂದರು ಪಾಸ್ಟರು.

"ನಾನೂ ಹೇಳಿಲ್ಲ" ಎಂದ ಭಾವ.

ಅದೇ ಮಾತು ಹೇಳಲು ನಾನೂ ಬಾಯಿ ತೆರೆದಿದ್ದೆ. ಅವಳು ನನ್ನನ್ನು ಕೈಯೆತ್ತಿ ತಡೆದಳು. "ಏನೇನು ಹೇಳಿಲ್ಲ ಅನ್ನೋದು ಬ್ಯಾಡ. ಈಗ ಯಾರು ಹೇಳ್ತೀರಿ?"

ಪಾಸ್ಟರು ಅಲ್ಲೇ ಚಾಪೆಯ ಮೇಲೆ ಕೂತಿದ್ದ ಅಕ್ಕನಿಗೆ ಕೈ ಮುಗಿದು ಮಾತ್ರೆ ತಗೋ ತಾಯಿ ಎಂದು ಬೇಡಿಕೊಂಡರು. ಅಕ್ಕ ನಕ್ಕಳು. "ನಂಗೊತ್ತು. ನನ್ನ ನಂಬಿಕೆ ಪರೀಕ್ಷೆ ಮಾಡ್ತಾ ಇದೀರಿ."

ನನ್ನ ತಲೆ ಕೆಟ್ಟಿತು. ಎದ್ದು ನಿಂತು ಕೂಗಿದೆ. "ಈ ಸಲದ ಸಸಿ ನಾಟಿ ಮುಗಿಯೋದ್ರೊಳಗೆ ನಿನಗೆ ಕೆಮ್ಮು ವಾಪಸ್ ಬತ್ತದೆ. ಕೆಮ್ಮಿದ್ರೆ ರಕ್ತ ಬೀಳ್ತದೆ. ಬರ್ಕೊಳಿ ಪಾಸ್ಟ್ರೇ."

ಅವರು ಅಭ್ಯಾಸಬಲದಿಂದ ಜೇಬಿನ ಪುಸ್ತಕ ತೆಗೆದು ತಾರೀಖು ಹಾಕಿ ಬರೆದುಕೊಂಡರು. "ಇದು ಯಾವ ಗ್ರಂಥದ ವಾಕ್ಯ ಅಣ್ಣ?"

"ಆಸ್ಪತ್ರೆ ಗೋಡೆ ಮೇಲೆ ದಪ್ಪಕ್ಷರದಲ್ಲಿ ಬರೆದದೆ" ಎಂದೆ.

೬. ಪಾಸಾದವನು

ನಾಟಿ ಮುಗಿಯಲು ಇನ್ನೂ ಎರಡು ದಿನ ಬಾಕಿ ಇತ್ತು. ಅಕ್ಕ ಸಾಲಿನ ನಡುವೆ ಸಸಿ ಹಿಡಿದುಕೊಂಡೇ ಕುಸಿದು ಕೂತಳು. ಕೆಮ್ಮಿದಳು. ಸೆರಗು ಕೆಂಪಾಯಿತು. ಪಿರಿಯಾಪಟ್ಟಣದ ಆಸ್ಪತ್ರೆಯಿಂದ ಮೈಸೂರಿಗೆ ಕಳಿಸಿದರು. ಅಲ್ಲಿ ಕಫ ಪರೀಕ್ಷೆ ಮಾಡಿ, ಹಳೇ ಮಾತ್ರೆ ಇನ್ನು ನಾಟುವುದಿಲ್ಲ, ಇನ್ನೂ ಗಟ್ಟಿ ಮಾತ್ರೆ, ಇನ್ನೂ ಹೆಚ್ಚು ದಿನ ಎಂದರು.

ವಾರ್ಡಿನಲ್ಲಿ ನಾನು, ಭಾವ, ಪಾಸ್ಟರು ಮೂವರೂ ಮಾಸ್ಕ್ ಹಾಕಿಕೊಂಡು ನಿಂತಿದ್ದೆವು. ಪಾಸ್ಟರು ಅತ್ತಿದ್ದರು, ಕಣ್ಣು ಊದಿತ್ತು. ಜೇಬಿನ ಪುಸ್ತಕ ತೆಗೆದು ನನಗೆ ತೋರಿಸಿದರು.

"ಮೊದಲೇ ಬರೆದಿತ್ತು. ಏನು, ಯಾವಾಗ ಅಂತ ಬಿಡಿಸಿ ಹೇಳಿತ್ತು. ನೀವಾಗಿ ಆಗುವಂಗೆ ಮಾಡಿದ್ದಲ್ಲ. ಬೈಬಲಿಗೆ ಹಾಕಿದ ಅಳತೆಗೆ ನೀವೇ ಪಾಸಾದ್ರಿ ಅಣ್ಣ."

ಮಾತು ಊರಿಗೆ ಹರಡಿತ್ತು. ಮಗಳಿಗೆ ಯಾವ ದಿಕ್ಕಿನಿಂದ ಗಂಡು ಬರುತ್ತದೆ ಎಂದು ಕೇಳಿಕೊಂಡು ಒಬ್ಬರು ಆಗಲೇ ನಮ್ಮ ಮನೆಗೆ ಬಂದು ಹೋಗಿದ್ದರು.

ಹೊಸ ಮಾತ್ರೆ ನುಂಗಿದರೆ ವಾಂತಿ. ಮೂರನೇ ದಿನ ಅಕ್ಕ ಬಾಯಿ ಬಿಗಿಹಿಡಿದಳು. ನರ್ಸ್ ಬೇಡಿದರು, ಗದರಿದರು. ಅಕ್ಕ ನನ್ನನ್ನು ಹತ್ತಿರ ಕರೆದಳು.

"ಪಾಸ್ಟ್ರು ಹೇಳಿದ್ದು ಆಗ್ನಿಲ್ಲ. ಹೂವು ಹೇಳಿದ್ದು ಆಗ್ನಿಲ್ಲ. ನೀ ಹೇಳಿದ್ದೊಂದೇ ಆಗಿದ್ದು. ನಾನು ಉಳೀತೀನಾ ಹೇಳು. ನೀ ಹೇಳಿದ್ರೆ ನುಂಗ್ತೀನಿ."

"ಅಕ್ಕ, ಅದು ಭವಿಷ್ಯ ಅಲ್ಲ. ಮಾತ್ರೆ ಅರ್ಧಕ್ಕೆ ಬಿಟ್ಟೋರಿಗೆ ಹಂಗಾಗ್ತದೆ ಅಂತ ಎಲ್ಲಾ ಕಡೆ..."

ಅವಳು ಮಾತ್ರೆಯನ್ನು ತಟ್ಟೆಗೆ ವಾಪಸ್ ಹಾಕಿದಳು.

ನಾನು ವಾರ್ಡು ಸುತ್ತ ನೋಡಿದೆ. ಇಷ್ಟು ವರ್ಷ ನಾಲ್ಕು ತಾಲ್ಲೂಕು ತಿರುಗಿ ಯಾವುದನ್ನು ಬೈದಿದ್ದೆನೋ ಅದನ್ನೇ ಮಾಡಲು ನಿಂತೆ. "ನುಂಗಿದ್ರೆ ಉಳೀತೀಯ ಅಕ್ಕ."

"ನಿಂಗೆ ಕಾಣಿಸ್ತಾ?"

"ಕಾಣಿಸ್ತು."

"ಏನ್ ಕಾಣಿಸ್ತು?"

"ಬೆಳೆ ಎಲ್ಲಾ ಮುಗಿಸಿ ಜಗಲಿ ಮೇಲೆ ಕೂತು ನನ್ನ ಬೈತಾ ಇದ್ದೆ."

ಅವಳು ತಟ್ಟೆಯಿಂದ ಮಾತ್ರೆ ತೆಗೆದುಕೊಂಡಳು. "ಹಂಗಾದ್ರೆ ನಿಜ ಇರ್ಬೇಕು" ಎಂದು ಬಾಯಿ ತೆರೆದಳು.

ಮಂಚದ ಕಾಲ ಬಳಿ, ಮಾಸ್ಕಿನ ಒಳಗೆ, ಪಾಸ್ಟರು "ಆಮೆನ್" ಎಂದರು. ಬೈಬಲ್ ಮುಟ್ಟದ ಭಾವನೂ "ಆಮೆನ್" ಎಂದ. ನರ್ಸ್ ನೀರಿನ ಲೋಟ ಹಿಡಿದುಕೊಂಡು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು, "ಸರ್, ಆ ಕಡೆ ಬೆಡ್ಡಿನ ಅಜ್ಜಿನೂ ನುಂಗ್ತಾ ಇಲ್ಲ. ಹೋಗೋಕೆ ಮುಂಚೆ ಅವರಿಗೂ ಒಂದು ಕಾಣಿಸಿ ಹೋಗ್ತೀರಾ?"

ಕಾಣಿಸಿಯೇ ಬಂದೆ. ಅಜ್ಜಿಯೂ ನುಂಗಿತು.

ಅಕ್ಕ ಉಳಿಯುತ್ತಾಳಾ ನನಗೆ ಗೊತ್ತಿಲ್ಲ. ಡಾಕ್ಟರಿಗೂ ಗೊತ್ತಿಲ್ಲ. ನಾನು ವಾದ ಗೆದ್ದ ಭಾನುವಾರಗಳಲ್ಲೆಲ್ಲ ಅವಳು ನನ್ನ ಕಣ್ಣೆದುರೇ ಚಾಪೆಯ ಮೇಲೆ ಕೂತಿದ್ದಳು. ಒಂದು ದಿನವೂ ನಾನು ಮಾತ್ರೆ ತಗೊಂಡೆಯಾ ಎಂದು ಕೇಳಲಿಲ್ಲ. ಭವಿಷ್ಯ ನಿಜವಾದರೆ ಬೈಬಲ್ ನಿಜವೋ ಅಲ್ಲವೋ ಅನ್ನುವ ಜಗಳ ಎರಡು ಸಾವಿರ ವರ್ಷ ಕಾದಿದೆ, ಇನ್ನೂ ನಾಲ್ಕು ದಿನ ಕಾಯುತ್ತದೆ. ಕ್ಷಯ ಕಾಯುವುದಿಲ್ಲ.

ನಕ್ಕಿದ್ದು ಸಾಕು. ಕೆಮ್ಮು ನಿಂತಿತು ಅಂತ ಮಾತ್ರೆ ಬಿಟ್ಟವರು ನಿಮ್ಮ ಬೀದಿಯಲ್ಲೂ ಇದ್ದಾರೆ. ಅವರು ಯಾವ ದೇವರಿಗೆ ಕೈ ಮುಗಿಯುತ್ತಾರೆ ಅಂತ ಕೇಳಬೇಡಿ. ಈಗಲೇ ಎದ್ದು ಹೋಗಿ, ಆ ಮನೆಯ ಬಾಗಿಲು ತಟ್ಟಿ, ಎದುರಿಗೆ ಕೂತು, ಮಾತ್ರೆ ನುಂಗಿಸಿ.