ಶಂಭುಲಿಂಗನ ಸೋಫಾಕ್ಕೆ ಮುರುಗಲ ತುಪ್ಪ

“ಇನ್ನು ನಮ್ಮನೆಗೆ ಬಂದವರು ಬರೀ ಕೂರೂದಿಲ್ಲ, ವಿರಾಜಮಾನರಾಗ್ತಾರೆ!” ಎಂದು ಹುಲೇಕಲ್ಲಿನ ಶಂಭುಲಿಂಗ ಘೋಷಿಸಿದ ದಿನವೇ ಅವನ ಮನೆಯ ನೆಮ್ಮದಿ ಎದ್ದು ಹೊರಟಿತು.

ಹುಬ್ಬಳ್ಳಿಯಲ್ಲಿ ಯಾರೋ ಮನೆ ಖಾಲಿ ಮಾಡುವಾಗ ಬಿಟ್ಟುಕೊಟ್ಟ ಚರ್ಮದ ಸೋಫಾ ಅದು. ಕಡುಕಂದು ಬಣ್ಣ, ಮಲಗಿದ ಎಮ್ಮೆಯಷ್ಟು ಗಾತ್ರ. ನಾಲ್ಕು ಜನ ಹೊತ್ತು ಒಳಗೆ ತೂರಿಸುವಾಗ ಬಾಗಿಲ ಚೌಕಟ್ಟಿನ ಚಕ್ಕೆಯೊಂದು ಹಾರಿತು. ಶಂಭುಲಿಂಗನ ತಾಯಿ ಪಾರ್ವತವ್ವ ಚಕ್ಕೆಯ ಕಡೆ ನೋಡಲಿಲ್ಲ.

“ಎಂತದಾ ಶಂಭು ಇದು? ಚರ್ಮನಾ?”

“ಅಪ್ಪಟ ಚರ್ಮ ಅವ್ವಾ!”

“ಚರ್ಮದ ಚಪ್ಪಲಿ ಮೆಟ್ಟಿಲ ಕೆಳಗೇ ಬಿಡಿ ಅಂತ ಬಂದವರಿಗೆಲ್ಲ ನೀನೇ ಬೈತೆ. ಇದು ಹೆಂಗೆ ಒಳಗೆ ಬಂತು?”

“ಅದು ಕಾಲಿಗೆ. ಇದು... ಇದು ಗೌರವಕ್ಕೆ!”

ನಮ್ಮಲ್ಲಿ ಸತ್ತ ಎಮ್ಮೆಯ ಚರ್ಮಕ್ಕೂ ಮೇಲುಕೀಳು ಉಂಟು ಸ್ವಾಮಿ! ಅಂಗಾಲಿನ ಕೆಳಗಿದ್ದರೆ ಮೈಲಿಗೆ, ಅದೇ ಕುಂಡೆಯ ಕೆಳಗೆ ಬಂದರೆ ಮರ್ಯಾದೆ!

ಸೋಫಾದ ಅಸಲಿ ಅಗತ್ಯವಿದ್ದದ್ದು ಹೆಂಡತಿ ದೇವಿಗೆ. ಊರಿನ ಮಹಿಳಾ ಸಂಘಕ್ಕೆ ಆರು ವರ್ಷ. ಆರೂ ವರ್ಷ ಸಭೆ ಎಂದರೆ ತನುಜಾಳ ಮನೆ, ಅಧ್ಯಕ್ಷೆ ಎಂದರೆ ತನುಜಾ. ಈಗ ತನುಜಾ “ನಂಗೆ ಸಾಕಾತು” ಎಂದಿದ್ದಳು. ಭಾನುವಾರ ನಾಲ್ಕಕ್ಕೆ ಸಭೆ ಮೊದಲ ಬಾರಿಗೆ ದೇವಿಯ ಮನೆಯಲ್ಲಿ. ಹೊಸ ಅಧ್ಯಕ್ಷೆಯ ಹೆಸರನ್ನು ತನುಜಾ ಅಲ್ಲೇ ಹೇಳುವವಳಿದ್ದಳು. ಆ ಹೆಸರು ತನ್ನದಾಗಬೇಕೆಂದು ದೇವಿ ಒಂದು ವಾರದಿಂದ ಸರಿಯಾಗಿ ಉಂಡಿರಲಿಲ್ಲ.

ಇಂಥ ಹೊತ್ತಿಗೆ ಸೋಫಾ ಬಿರುಕು ಬಿಟ್ಟಿತು! ಎಲ್ಲರಿಗೂ ಕಾಣಲಿ ಎಂದು ಶಂಭುಲಿಂಗನೇ ಅದನ್ನು ಬಿಸಿಲು ಬೀಳುವ ಕಿಟಕಿಗೆ ತಾಗಿಸಿ ಇಟ್ಟಿದ್ದ. ಶನಿವಾರ ಬೆಳಿಗ್ಗೆ ಶಿರಸಿಯಿಂದ ಕುಶನ್ ಅಂಗಡಿಯ ಹನೀಫನನ್ನು ಕರೆಸಿದ.

ಹನೀಫ್ ಸೋಫಾವನ್ನು ಸುತ್ತಿ ನೋಡಿ, ಕೈಯಾಡಿಸಿ, ತುದಿಯಲ್ಲಿ ಕೂರಲು ಹೋದ.

“ಅಲ್ಲಲ್ಲ! ಆ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತ್ಕ ಹನೀಫಾ. ಸೋಫಾ ಹೊಸ್ತು, ಕಲೆ ಆಗ್ತದೆ.”

ಹನೀಫನ ಪ್ಯಾಂಟು ಇಸ್ತ್ರಿ ಮಾಡಿದ್ದು. ಯಾವ ಕಲೆಯ ಮಾತು ಇದು ಎಂದು ಅಲ್ಲಿದ್ದವರಿಗೆಲ್ಲ ತಿಳಿಯಿತು. ಮೂವತ್ತು ವರ್ಷ ಶಿರಸಿಯ ದೊಡ್ಡವರ ಕುಂಡೆಗಳಿಗೆಲ್ಲ ಮೆತ್ತೆ ಹೊಲಿದ ಮನುಷ್ಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತ. ದೇವಿ ತಲೆ ತಗ್ಗಿಸಿ ಚಹಾ ತರಲು ಹೋದಳು.

“ಚರ್ಮದಲ್ಲಿ ಬಗೆ ಬಹಳ ಶಂಭಣ್ಣ,” ಎಂದ ಹನೀಫ್. “ಮೇಲೆ ಬಣ್ಣದ ಪದರ ಇದ್ರೆ ಒದ್ದೆ ಬಟ್ಟೇಲಿ ಒರೆಸಿದ್ರೂ ನಡೀತದೆ. ಮಖಮಲ್ ಹಂಗೆ ಉಜ್ಜಿದ್ದಾದ್ರೆ ನೀರೇ ಆಗೂದಿಲ್ಲ. ಚೂರುಪಾರು ಅರೆದು ಅಂಟಿಸಿ ಚರ್ಮ ಅಂತ ಮಾರೂದೂ ಉಂಟು, ಅದು ಎರಡು ವರ್ಷಕ್ಕೆ ಸಿಪ್ಪೆ ಸುಲೀತದೆ.” ಸೋಫಾದ ಮೂಲೆಯಲ್ಲಿ ಬೆರಳಿಂದ ಒಂದು ಹನಿ ನೀರು ಬಿಟ್ಟ. ಹನಿ ಮಾಯ! “ನೋಡಿ, ಕುಡೀತು. ನಿಮ್ದು ಬಣ್ಣದ ಪದರ ಇಲ್ದ ಬರಿಮೈ ಚರ್ಮ. ಒಳ್ಳೇ ಮಾಲು, ಆದ್ರೆ ಏನು ಹಾಕಿದ್ರೂ ಕುಡೀತದೆ. ಎಣ್ಣೆ ಗಿಣ್ಣೆ ಮುಟ್ಟಿಸ್ಬೇಡಿ. ಬಿಸಿಲಿಂದ ಸರಿಸಿ, ಒಣಬಟ್ಟೇಲಿ ಒರೆಸಿ. ಬಿರುಕಿಗೆ ಕ್ರೀಮು ನಾಳೆ ಸಂಜೆ ತರ್ತೇನೆ.”

“ಸಂಜೆಯಾ! ಸಭೆ ನಾಲ್ಕಕ್ಕೆ!”

“ನಾಲ್ಕು ಬಿರುಕು ಕಂಡ್ರೆ ಯಾರೂ ಸಾಯೂದಿಲ್ಲ ಶಂಭಣ್ಣ.”

ಹನೀಫ್ ಅತ್ತ ಬಸ್ಸು ಹತ್ತಿದ, ಇತ್ತ ಶಂಭುಲಿಂಗನ ತಲೆಯಲ್ಲಿ ದೀಪ ಹತ್ತಿತು.

“ಕುಶನ್ ಹೊಲಿಯುವವನಿಗೆ ಎಂತ ಗೊತ್ತು? ದೇವೀ, ನಮ್ಮವ್ವನ ಹಿಮ್ಮಡಿ ಒಡೆದ್ರೆ ಎಂತ ಹಚ್ತಾಳೆ?”

“ಮುರುಗಲ ತುಪ್ಪ.”

“ಬಿರುಕು ಕೂಡ್ತದೋ ಇಲ್ವೋ?”

“ಕೂಡ್ತದೆ. ಆದ್ರೆ ರೀ, ಅದು ಹಿಮ್ಮಡಿ. ಎಣ್ಣೆ ಮುಟ್ಟಿಸ್ಬೇಡಿ ಅಂತ ಹನೀಫಣ್ಣ...”

“ಚರ್ಮ ಅಂದ್ರೆ ಚರ್ಮ! ಮತ್ತೆ ಇದು ಎಣ್ಣೆ ಅಲ್ಲ, ತುಪ್ಪ!”

ದೇವಿ ಸಂಘದವರನ್ನು ಸಭೆಗೆ ಕರೆಯಲು ಮನೆಮನೆಗೆ ಹೋದಾಗ ಅವ್ವ ಪುನರ್ಪುಳಿ ಬೀಜದಿಂದ ತೆಗೆದು ಡಬ್ಬಿಯಲ್ಲಿಟ್ಟಿದ್ದ ಅಷ್ಟೂ ತುಪ್ಪದುಂಡೆಗಳು ಕರಗಿ ಸೋಫಾದ ಪಾಲಾದವು. ಮೊದಲ ಕೈ ಸೋಫಾ ಕುಡಿಯಿತು. ಎರಡನೆಯದನ್ನೂ ಕುಡಿಯಿತು. ಮೂರನೆಯದಕ್ಕೆ ತೇಗಿತು. ನಾಲ್ಕನೆಯದು ಮೇಲೆಯೇ ನಿಂತಿತು. ಭಾನುವಾರ ಡಿಸೆಂಬರಿನ ಚಳಿಗೆ ಅದು ಗಟ್ಟಿಯಾಗಿ, ಸೋಫಾ ಕನ್ನಡಿಯಂತೆ ಫಳಫಳ ಹೊಳೆಯಿತು. ಒಂದೇ ಒಂದು ಬಿರುಕಿಲ್ಲ! ದೇವಿಯೂ ಬೆರಗಾದಳು. ಶಂಭುಲಿಂಗ ಮೀಸೆ ತಿರುವಿದ. ಪಾರ್ವತವ್ವ ಮಾತ್ರ “ನನ್ನ ಮುರುಗಲ ತುಪ್ಪ ಎಲ್ಲಿ ಹೋತಾ?” ಎನ್ನುತ್ತ ಬೆಳಗಿನಿಂದ ಮನೆಯ ಡಬ್ಬಿಗಳನ್ನೆಲ್ಲ ಅಲ್ಲಾಡಿಸುತ್ತಿದ್ದಳು.

ನಾಲ್ಕಕ್ಕೆ ಸರಿಯಾಗಿ ಸಂಘ ಬಂತು. ರೇಷ್ಮೆ ಸೀರೆಯ ತನುಜಾ ಸೋಫಾದ ನಡುವೆ, ಎರಡೂ ಪಕ್ಕ ಇಬ್ಬಿಬ್ಬರು, ಉಳಿದವರು ಚಾಪೆಯ ಮೇಲೆ.

“ಎಂತಾ ಸೋಫಾನೇ ದೇವಿ! ಏಳೂಕೇ ಮನಸ್ಸಿಲ್ಲ!” ಎಂದಳು ತನುಜಾ.

ಆ ಮಾತು ಅಕ್ಷರಶಃ ನಿಜವಾಗತೊಡಗಿತು. ಮುರುಗಲ ತುಪ್ಪಕ್ಕೆ ಒಂದು ಗುಣವುಂಟು, ಚಳಿಗೆ ಕಲ್ಲು, ಮೈಬಿಸಿಗೆ ನೀರು. ಐದು ಮೈಗಳ ಬಿಸಿಗೆ ಅದು ಸದ್ದಿಲ್ಲದೆ ಕರಗಿತು. ಹಿಂದಿನ ಸಭೆಯ ವರದಿ ಓದುತ್ತಿದ್ದ ತನುಜಾ ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಒಂದು ಗೇಣು ಮುಂದೆ ಬಂದಿದ್ದಳು. ಹಿಂದೆ ಸರಿದಳು. ಮತ್ತೆ ಜಾರಿದಳು. ಮೂರನೇ ಪುಟಕ್ಕೆ ವರದಿಯ ಸಮೇತ ಚಾಪೆಯ ಮೇಲಿದ್ದಳು!

“ಅಯ್ಯಯ್ಯೋ, ನನ್ನ ಸೀರೆ!”

ಐವರೂ ಎದ್ದರು. ಐದು ಸೀರೆಗಳ ಹಿಂದೆ ಐದು ದುಂಡನೆಯ ಕಂದು ಕಲೆಗಳು. ಅಷ್ಟರಲ್ಲಿ ಪಾರ್ವತವ್ವ ಸೋಫಾದ ಮೇಲೆ ಬೆರಳೆಳೆದು ಮೂಸಿದಳು. ಅಲ್ಲೇ ಕುಕ್ಕರಿಸಿ ಅದನ್ನು ತನ್ನ ಹಿಮ್ಮಡಿಗೆ ಸವರಿಕೊಂಡಳು.

“ಸಿಕ್ತು ನೋಡು! ಇಲ್ಲಿತ್ತು ನನ್ನ ತುಪ್ಪ!”

ಶಂಭುಲಿಂಗ ಕೆಮ್ಮಿದ. “ಅದು... ಸೋಫಾ ಕಂಪನಿಯವರದ್ದೇ ಏನೋ ದೋಷ...”

“ಕಂಪನಿಯದ್ದಲ್ಲ,” ಎಂದಳು ದೇವಿ. ಅವಳ ಕಣ್ಣಲ್ಲಿ ನೀರಾಡುತ್ತಿತ್ತು, ದನಿ ಮಾತ್ರ ನೆಟ್ಟಗಿತ್ತು. “ಇವರೇ ಹಚ್ಚಿದ್ದು. ಹನೀಫಣ್ಣ ಬ್ಯಾಡ ಅಂದಿದ್ರು. ತಪ್ಪು ನಮ್ಮದೇ ತನುಜಕ್ಕ.”

ಕ್ರೀಮಿನ ಡಬ್ಬಿ ಹಿಡಿದು ಹನೀಫ್ ಬಾಗಿಲಲ್ಲಿ ಬಂದು ನಿಂತದ್ದು ಆಗಲೇ. ಒಂದು ನೋಟಕ್ಕೆ ಎಲ್ಲ ತಿಳಿಯಿತು. ನಗಲಿಲ್ಲ ಪುಣ್ಯಾತ್ಮ! “ಅಕ್ಕೋರೆ, ಉಜ್ಜಬೇಡಿ. ಮುಖಕ್ಕೆ ಹಚ್ಚೋ ಪೌಡರ್ ದಪ್ಪಗೆ ಉದುರಿಸಿ ಬಿಡಿ, ಜಿಡ್ಡು ಹೀರ್ತದೆ,” ಎಂದ. ದೇವಿ ಎರಡು ಡಬ್ಬಿ ಪೌಡರ್ ಸುರಿದಳು. ಮಹಿಳಾ ಸಂಘ ಹಿಂದಿನಿಂದ ಹಿಟ್ಟಿನ ಗಿರಣಿಯಾಯಿತು. ಮೊದಲು ಯಾರೋ ಕಿಸಕ್ಕೆಂದರು, ಆಮೇಲೆ ಇಡೀ ಸಭೆ ಹೊಟ್ಟೆ ಹಿಡಿದು ನಕ್ಕಿತು.

“ಗಂಡನ ತಪ್ಪನ್ನೇ ಮುಚ್ಚಿಡದವಳು ಸಂಘದಲ್ಲಿ ಎಂತ ಮುಚ್ಚಿಡ್ತಾಳೆ?” ಎಂದಳು ತನುಜಾ, ಬೆನ್ನ ಹಿಂದೆ ಪೌಡರ್ ಕೊಡವುತ್ತ. “ನಾನು ಹೇಳೂ ಹೆಸರು ದೇವಿ.”

ಚಪ್ಪಾಳೆ ಬಿತ್ತು. ಅಧ್ಯಕ್ಷೆ ದೇವಿ ಗಂಡನತ್ತ ಒಮ್ಮೆ ನೋಡಿದಳು, ಬಾಗಿಲಲ್ಲಿ ನಿಂತೇ ಇದ್ದ ಹನೀಫನತ್ತ ಒಮ್ಮೆ ನೋಡಿದಳು. ಶಂಭುಲಿಂಗನಿಗೆ ಅರ್ಥವಾಯಿತು. ಕಿವಿಯವರೆಗೆ ಕೆಂಪಾಗಿ, ಜನ್ಮದಲ್ಲಿ ಮೊದಲ ಸಲ ಬಹುವಚನ ತೆಗೆದ.

“ಹನೀಫಣ್ಣ, ಬನ್ನಿ... ಸೋಫಾ ಮೇಲೆ ಕೂತ್ಕೊಳ್ಳಿ.”

ಹನೀಫ್ ಸೋಫಾವನ್ನು ನೋಡಿದ. ತನ್ನ ಪ್ಯಾಂಟನ್ನು ನೋಡಿಕೊಂಡ. ಪ್ಲಾಸ್ಟಿಕ್ ಕುರ್ಚಿಯನ್ನು ತಾನೇ ಎಳೆದು ಹಾಯಾಗಿ ಕುಳಿತ.

“ಬ್ಯಾಡ ಶಂಭಣ್ಣ. ಪ್ಯಾಂಟು ಹೊಸ್ತು, ಕಲೆ ಆಗ್ತದೆ!”