ನನ್ನ ಗಾಡಿಗೆ ಆದ ಉಷ್ಣ

ಬಾನೆಟ್ ಎತ್ತಿ ನಿಂತ ಗಾಡಿಯನ್ನು ಕಂಡೂ ಸುಮ್ಮನೆ ಮುಂದೆ ಹೋಗುವ ಗಂಡಸನ್ನು ನಾನಂತೂ ನೋಡಿಲ್ಲ. ಇಂಜಿನ್ನಿನ ತಲೆ ಯಾವುದು, ಬಾಲ ಯಾವುದು ಗೊತ್ತಿಲ್ಲದಿದ್ದರೂ ಬಗ್ಗಿ ನೋಡಿ, ಒಂದು ವೈರು ಅಲ್ಲಾಡಿಸಿ, ಗಂಭೀರವಾಗಿ "ಹೂಂ" ಎಂದೇ ಹೋಗಬೇಕು. ನಾನಂತೂ ಇನ್ನೂ ಒಂದು ಕೈ ಮೇಲು. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡವನು. ಪಾಸಾದಿರಾ ಎಂದು ಮಾತ್ರ ಕೇಳಬೇಡಿ, ತೆಗೆದುಕೊಂಡಿದ್ದಂತೂ ನಿಜ. ಹೊಳಲ್ಕೆರೆಯಲ್ಲಿ ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ಇಟ್ಟ ಮೇಲೂ ಆ ಗತ್ತು ಇಳಿದಿರಲಿಲ್ಲ. ಇಳಿಸಿದ್ದು ನನ್ನ ಹಳೇ ಪಿಕಪ್ಪು.

ಅದರ ಇಂಜಿನ್ನು ಹೊಗೆ ಉಗುಳಿ ಉಗುಳಿ ಕೊನೆಗೆ ಕೈಯೆತ್ತಿಬಿಟ್ಟಿತು. ನಮ್ಮ ಮೆಕ್ಯಾನಿಕ್ ಇಮಾಮಣ್ಣ ಗುಜರಿಯಿಂದ ಅಂಥದ್ದೇ ಇನ್ನೊಂದು ಇಂಜಿನ್ನು ತಂದು ಕೂರಿಸಿದ. ಹಿರಿಯೂರಿನಲ್ಲಿರುವ ನನ್ನ ಹೆಂಡತಿಯ ತಮ್ಮನಿಗೆ ಸುದ್ದಿ ಮುಟ್ಟಿತು. ಗಾಡಿ ನೋಡಲೆಂದೇ ಬಂದವನು, "ಭಾವ, ಆ ಗಾಡಿಗೆ ಇಂಜಿನ್ ಹಾಕ್ಸೋದೂ ಒಂದೇ, ಬೋಳು ತಲೆಗೆ ಬಾಚಣಿಗೆ ತರೋದೂ ಒಂದೇ. ಮಾರಿಬಿಡ್ರಿ" ಎಂದ. ಹೇಳುವಾಗ ಅವನು ನನ್ನ ತಲೆಯನ್ನೇ ನೋಡುತ್ತಿದ್ದ. ನನಗೆ ಉರಿದುಹೋಯಿತು. ಅವನ ಹೊಸ ಮನೆಯ ಗೃಹಪ್ರವೇಶಕ್ಕೆ ಅಷ್ಟೂ ಪಾತ್ರೆ ಇದೇ ಗಾಡಿಯಲ್ಲಿ ತರುತ್ತೇನೆಂದು ಅಲ್ಲೇ ಶಪಥ ಮಾಡಿಬಿಟ್ಟೆ. ಹೆಂಡತಿಯದು ಒಂದೇ ಮಾತು: "ದಾರೀಲಿ ನಿಂತ್ರೆ ಅಲ್ಲೇ ಮಾರಿ ಬಸ್ ಹತ್ತಿ ಬರ್ರಿ. ಮತ್ತೆ ಆ ಗಾಡಿ ನಮ್ಮನೆ ಮುಂದೆ ಕಾಣಬಾರ್ದು."

ಮಗನ ಮನೆ ಕೆಲಸ ಮುಗಿಯುವವರೆಗೆ ಅತ್ತೆ ನಮ್ಮಲ್ಲಿಗೆ ಬಂದಿದ್ದರು. ಹೊಸ ಇಂಜಿನ್ನಿಗೆ ಕಣ್ಣಾಗಬಾರದೆಂದು, ಮುಂದೆ ಕಟ್ಟಲು ಒಂದು ದೃಷ್ಟಿ ಬೊಂಬೆ ತರಬೇಕೆಂದರು. ಚಿತ್ರದುರ್ಗಕ್ಕೆ ಕರೆದುಕೊಂಡು ಹೋದೆ. ಅವರು ಅಂಗೈಯಗಲದ್ದು ಸಾಕೆಂದರು. ನಾನು ಸುಮ್ಮನಿರಲಾರದೆ, ಭಾವಮೈದುನನ ಕಣ್ಣಿಗೆ ಅದು ಸಾಲದೆಂದು ಮೊರದಗಲದ್ದನ್ನೇ ಆರಿಸಿದೆ. ಕೋರೆಹಲ್ಲು, ಕೆಂಪು ನಾಲಿಗೆ, ಗುಡ್ಡೆಗಣ್ಣಿನ ತಗಡಿನ ಮುಖ. ಗಾಡಿಯ ಮುಂಭಾಗದ ಜಾಲರಿಗೆ ತಂತಿ ಹಾಕಿ ಬಿಗಿದೆ.

ಅವತ್ತಿನಿಂದ ಗಾಡಿ ಬಿಸಿಯಾಗತೊಡಗಿತು. ಸ್ವಲ್ಪ ದೂರ ಹೋದರೆ ಸಾಕು, ಹೀಟ್ ಮುಳ್ಳು ಕೆಂಪಿಗೆ ಏರುತ್ತಿತ್ತು. ಇಮಾಮಣ್ಣ ರೇಡಿಯೇಟರ್ ತೊಳೆಸಿದ, ವಾಟರ್ ಪಂಪ್ ಬದಲಿಸಿದ, ಫ್ಯಾನ್ ಬೆಲ್ಟ್ ಬಿಗಿ ಮಾಡಿದ, ತಾನೇ ಓಡಿಸಿಕೊಂಡು ಹೋಗಿ ಬಂದ. ಮುಳ್ಳು ಅಲುಗಲಿಲ್ಲ. "ಅಣ್ಣ, ಗಾಡಿ ಐಸ್ ಇದ್ದಂಗೈತೆ. ನೀವೇ ಬಿಸಿಯಾಗಿದೀರಿ" ಎಂದು ನಕ್ಕ. ಮನೆಗೆ ತಂದು ಅತ್ತೆಯನ್ನು ಕೂರಿಸಿಕೊಂಡು ಹೊರಟರೆ ಮತ್ತೆ ಕೆಂಪು! ಅತ್ತೆ ಬಾನೆಟ್ ಮುಟ್ಟಿ ನೋಡಿ, "ಉಷ್ಣ ಆಗೈತೆ ಅಳಿಯಂದ್ರೇ. ಬ್ಯಾರೆಯೋರ ಇಂಜಿನ್ನು, ಮೈಗೆ ಒಗ್ಗಿಲ್ಲ" ಎಂದರು. ಮೆಂತ್ಯ ನೆನೆಹಾಕಿ ಕುಡಿಸಿ ಎನ್ನಲಿಲ್ಲ, ಅಷ್ಟೇ ಪುಣ್ಯ. ವಿಜ್ಞಾನದವನಾದ ನಾನು ಎಲ್ಲವನ್ನೂ ತಾಳೆ ಹಾಕಿದೆ. ಗ್ಯಾರೇಜಿನಲ್ಲಿ ತಣ್ಣಗೆ, ಅತ್ತೆ ಹತ್ತಿದರೆ ಬಿಸಿ. ಹಾಗಾದರೆ ಕಾರಣ ಅತ್ತೆಯೇ! ಒಂದು ಸಣ್ಣ ಸಂಗತಿಯನ್ನು ಮಾತ್ರ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಇಮಾಮಣ್ಣನ ಎದುರು ನನ್ನ ವಿಜ್ಞಾನದ ಮಾನ ಹೋದೀತೆಂದು, ಪ್ರತಿ ಸಲ ಗ್ಯಾರೇಜಿನ ತಿರುವಿನಲ್ಲೇ ಬೊಂಬೆ ಬಿಚ್ಚಿ ಸೀಟಿನ ಹಿಂದೆ ಬಚ್ಚಿಡುತ್ತಿದ್ದೆ; ಮನೆ ಸೇರುವ ಮೊದಲು ಮತ್ತೆ ಕಟ್ಟುತ್ತಿದ್ದೆ.

ಗೃಹಪ್ರವೇಶದ ಹಿಂದಿನ ದಿನ ಹೆಂಡತಿ ಮುಂಚೆಯೇ ಬಸ್ಸಿಗೆ ಹೋದಳು. ಪಾತ್ರೆ ತುಂಬಿಕೊಂಡು, ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನು ಹೊರಟೆ. ಚಿತ್ರದುರ್ಗ ದಾಟಿ ಹಿರಿಯೂರಿನ ದಾರಿ ಹಿಡಿದ ಸ್ವಲ್ಪ ಹೊತ್ತಿಗೆ ಬುಸ್ಸೆಂದು ಹಬೆ ಎದ್ದಿತು. ಗಾಡಿ ನಿಲ್ಲಿಸಿ ಇಳಿದೆ. ಅತ್ತೆಗೆ ಒಳ್ಳೆ ನಿದ್ದೆ. ನನಗೆ ಅಳು ಬರುವುದೊಂದು ಬಾಕಿ. ಭಾವಮೈದುನನ ನಗು ಅಲ್ಲಿಗೇ ಕೇಳಿಸಿದಂತಾಯಿತು. ಗುಡ್ಡದ ಮೇಲೆ ಗಾಳಿಯಂತ್ರಗಳು ಗಿರಗಿರ ತಿರುಗುತ್ತಿದ್ದವು. ಹೆಗಲ ಮೇಲಿನ ಟವೆಲ್ಲು ಹಾರಿಹೋಗಿ ರಪ್ಪನೆ ಬೊಂಬೆಯ ಮುಖಕ್ಕೆ ಬಡಿದು ಅಲ್ಲೇ ಅಂಟಿಕೊಂಡಿತು. ತೆಗೆಯಲು ಹೋದವನು ಬೊಂಬೆಯ ಹಿಂದೆ ಕೈ ತೂರಿಸಿದೆ. ಒಂದು ಚೂರೂ ಗಾಳಿಯಿಲ್ಲ! ಇಡೀ ಜಿಲ್ಲೆಗೆ ಗಾಳಿ ಬೀಸುತ್ತಿದೆ, ನನ್ನ ರೇಡಿಯೇಟರಿಗೆ ಮಾತ್ರ ನಾನೇ ಬಾಗಿಲು ಹಾಕಿದ್ದೇನೆ.

ಸದ್ದಾಗದಂತೆ ತಂತಿ ಬಿಚ್ಚಿ, ಬೊಂಬೆಯನ್ನು ಅನ್ನದ ದೊಡ್ಡ ಕೊಳಗದೊಳಗೆ ಇಟ್ಟು ಮುಚ್ಚಳ ಮುಚ್ಚಿದೆ. ಇಂಜಿನ್ನು ಆರಿದ ಮೇಲೆ ನೀರು ಹುಯ್ದು ಹೊರಟೆ. ಹಿರಿಯೂರು ಮುಟ್ಟುವವರೆಗೂ ಮುಳ್ಳು ಮಿಸುಕಲಿಲ್ಲ.

ಭಾವಮೈದುನ ಬಾನೆಟ್ ಮೇಲೆ ಕೈಯಿಟ್ಟು ನೋಡಿದ. "ಏನ್ ಮಾಡಿದ್ರಿ ಭಾವ?" ನಿಜ ಹೇಳುವ ಧೈರ್ಯವಾಗಲಿಲ್ಲ. ಸುಳ್ಳೂ ಹೇಳಲಿಲ್ಲ. "ದೃಷ್ಟಿ ತೆಗೆದೆ" ಎಂದೆ.

"ನಾನ್ ಹೇಳಿರ್ಲಿಲ್ಲೇನು? ಕಣ್ಣಾಗಿತ್ತು!" ಎಂದು ಅತ್ತೆ ಎಲ್ಲರಿಗೂ ಕೇಳುವಂತೆ ಕೂಗಿದರು. ಆಮೇಲೆ ನನ್ನನ್ನು ಹಿಡಿಯುವವರೇ ಇಲ್ಲ. ಅಡುಗೆಮನೆಯ ಬಾಗಿಲಿಗೆ ಅಡ್ಡಲಾಗಿ ನಿಂತು, ಇಂಜಿನ್ನು ಬದಲಿಸಿದ ಮೇಲೆ ಗಾಡಿ ಯಾಕೆ ಬಿಸಿಯಾಗುತ್ತದೆಂದು ನೆಂಟರಿಗೆಲ್ಲ ವಿವರಿಸತೊಡಗಿದೆ. ಒಳಗೆ ಬೆವರು ಸುರಿಸುತ್ತ ಪಾತ್ರೆ ತೊಳೆಯಲು ಕೂತಿದ್ದ ಹೆಂಡತಿ ಕೊಳಗದ ಮುಚ್ಚಳ ತೆಗೆದಳು. ಒಮ್ಮೆ ಒಳಗೆ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಅವಳಿಗೆ ಎಲ್ಲವೂ ಅರ್ಥವಾಯಿತು. ಹತ್ತಿರ ಬಂದು ಮೆಲ್ಲಗೆ ಹೇಳಿದಳು:

"ಗಾಡಿ ಮುಂದಿನ ಮುಖ ತೆಗೆದ್ರಲ್ಲ, ಭೇಷ್. ಈಗ ಬಾಗಿಲಲ್ಲಿರೋ ಈ ಮುಖಾನೂ ಒಸಿ ತೆಗೀರಿ. ಒಳಗಿರೋರಿಗೆ ಗಾಳಿ ಬರಲಿ."